ರಾವಣನ ಲಂಕೆ ಎಲ್ಲಿದ್ದಿತು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಏಳನೆಯ ಇಯತ್ತೆಯಲ್ಲಿ ಭೂಗೋಲದ ತಾಸು ನಡೆದಿದ್ದಿತು. ಗೋಡೆಗೆ ಭಾರತದ ನಕ್ಷೆಯನ್ನು ತೂಗುಹಾಕಿ ನದಿಗಳ ಉಗಮಸ್ಥಾನಗಳನ್ನು ತೋರಿಸುತ್ತಿದ್ದೆನು. ನರ್ಮದೆಯ ಉಗಮವಾದ ಅಮರಕಂಟಕದ ಮೇಲೆ ನನ್ನ ಕೋಲು ನಿಂತಾಗ ಹಿಂದಿನ ಬಾಕಿನ ಮೇಲಿದ್ದ ಹುಡುಗನೊಬ್ಬನು ಎದ್ದು, "ಗುರುಗಳೇ, ರಾವಣನ ಲಂಕೆ ಅಲ್ಲೇ ಇತ್ತಂತೆ, ಹೌದೇನ್ರಿ? ಮನೆಯಲ್ಲಿ ಮೊಬೈಲಿನಲ್ಲಿ ನೋಡಿದೆ" ಎಂದನು. ವರ್ಗವೆಲ್ಲ ನಕ್ಕಿತು. ಮುಂದಿನ ಬಾಕಿನ ಜಾಣನೊಬ್ಬನು ನಕ್ಷೆಯ ತಳದಲ್ಲಿದ್ದ ಶ್ರೀಲಂಕೆಯನ್ನು ತೋರಿಸಿ, "ಅದು ಇಲ್ಲೇ ಇದೆಯಲ್ಲೋ!" ಎಂದನು. ನಾನು "ಪಾಠ ಮುಗಿಯಲಿ" ಎಂದು ಇಬ್ಬರನ್ನೂ ಕೂಡಿಸಿದೆನು. ಪಾಠ ಮುಗಿಯಿತು, ಗಂಟೆ ಬಾರಿಸಿತು, ಉತ್ತರವು ಮಾತ್ರ ನನ್ನಲ್ಲಿಯೇ ಉಳಿಯಿತು.

ಅಂದು ಸಂಜೆ ಮನೆಗೆ ಹೋಗುವಾಗ ಮನಸ್ಸಿಗೆ ಸಮಾಧಾನವಿರಲಿಲ್ಲ. ಹುಡುಗನ ಪ್ರಶ್ನೆಯು ನಗೆಗೆ ಯೋಗ್ಯವಾದುದಲ್ಲವೆಂದು ನನಗೆ ಗೊತ್ತಿದ್ದಿತು. ಲಂಕೆಯು ಇಂದಿನ ಶ್ರೀಲಂಕೆಯಲ್ಲವೆಂದು ವಾದಿಸಿ ಗ್ರಂಥಗಳನ್ನು ಬರೆದವರಲ್ಲಿ ನ್ಯಾಯಾಧೀಶರೂ ಸರದಾರರೂ ಖ್ಯಾತ ಉತ್ಖನನಕಾರರೂ ಇದ್ದಾರೆ. ಅವರಲ್ಲಿ ಒಬ್ಬರು ನಮ್ಮ ಕನ್ನಡ ನಾಡಿನವರೇ. ಅವರ ಮಾತು ನಿಜವೋ ಸುಳ್ಳೋ ಎಂಬುದಕ್ಕಿಂತ ಮೊದಲು, ಅವರು ಹಾಗೇಕೆ ಹೇಳಿದರೆಂಬುದನ್ನು ತಿಳಿಯಬೇಕಲ್ಲವೆ? ಆ ಹುಡುಗನಿಗೆ ನಾನು ಸಲ್ಲಿಸಬೇಕಾದ ಸಾಲವನ್ನು ಈ ಲೇಖನದ ಮೂಲಕ ತೀರಿಸಲೆತ್ನಿಸಿದ್ದೇನೆ. ಪಾಲಕರೂ ಇದನ್ನು ಓದಬೇಕೆಂದು ವಿನಂತಿ.

ನಮ್ಮ ಸೀಮೆ ಮತ್ತು ರಾಮಕಥೆ

ಸಾಂಗಲಿ-ಮಿರಜ ಸೀಮೆಯ ನಮಗೆ ರಾಮಾಯಣವು ದೂರದ ಕಥೆಯಲ್ಲ. ನಮ್ಮ ಜಿಲ್ಲೆಯ ವಾಳವಾ ತಾಲೂಕಿನ ಬಹೆ ಎಂಬಲ್ಲಿ ಕೃಷ್ಣೆಯ ನಡುಗಡ್ಡೆಯ ಮೇಲೆ ರಾಮಲಿಂಗ ದೇವಾಲಯವಿದೆ. ಲಂಕೆಯಿಂದ ಮರಳುವಾಗ ಶ್ರೀರಾಮನು ಇಲ್ಲಿ ಲಿಂಗವನ್ನು ಪ್ರತಿಷ್ಠಿಸಿ ಪೂಜೆಗೆ ಕುಳಿತನೆಂದೂ, ಆಗ ಉಕ್ಕಿ ಬಂದ ಕೃಷ್ಣೆಯನ್ನು ಮಾರುತಿಯು ತನ್ನೆರಡು ಬಾಹುಗಳಿಂದ ತಡೆದು ಎರಡು ಕವಲಾಗಿಸಿದನೆಂದೂ, 'ಬಾಹು'ವಿನಿಂದಲೇ 'ಬಹೆ' ಆಯಿತೆಂದೂ ಜನ ಹೇಳುತ್ತಾರೆ. ಸಮರ್ಥ ರಾಮದಾಸರು ಸ್ಥಾಪಿಸಿದ ಹನ್ನೊಂದು ಮಾರುತಿಗಳಲ್ಲಿ ಒಂದು ಅಲ್ಲಿದೆ.

ಇನ್ನೊಂದು ನಂಟೂ ಸ್ಮರಣೀಯವಾಗಿದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಟಗಳನ್ನಾಡಿತು. ಅದನ್ನು ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ' ನಾಟಕವನ್ನು ಇದೇ ಊರಿನಲ್ಲಿ ಆಡಿಸಿದರು. ಮರಾಠಿ ರಂಗಭೂಮಿಯು ಅಂದಿನಿಂದ ತನ್ನ ಜನ್ಮವನ್ನು ಎಣಿಸುತ್ತದೆ. ಹೀಗೆ ಕನ್ನಡದ ಮೇಳವೂ ಮರಾಠಿಯ ನಾಟಕವೂ ಸಾಂಗಲಿಯಲ್ಲಿ ಕೂಡಿದ್ದು ರಾಮಕಥೆಯ ಅಂಗಳದಲ್ಲಿಯೇ.

ಪೂರ್ವಕ್ಕೆ ನಡೆದರೆ ವಿಜಯಪುರದ ಪಕ್ಕದ ತೊರವೆ. ಕುಮಾರವಾಲ್ಮೀಕಿಯು 'ತೊರವೆ ರಾಮಾಯಣ'ವನ್ನು ಅಲ್ಲಿಯ ನರಸಿಂಹನಿಗೆ ಅರ್ಪಿಸಿದನು. ದಕ್ಷಿಣಕ್ಕೆ ನಡೆದರೆ ರಾಮದುರ್ಗ ತಾಲೂಕಿನ ಸುರೇಬಾನದ ಶಬರಿಕೊಳ್ಳ. ಇನ್ನೂ ಮುಂದೆ ತುಂಗಭದ್ರೆಯ ದಂಡೆಯ ಹಂಪೆ-ಆನೆಗೊಂದಿ. ಅಲ್ಲಿ ಪಂಪಾಸರೋವರ, ಋಷ್ಯಮೂಕ, ಮತಂಗಪರ್ವತ, ಮಾಲ್ಯವಂತ, ಅಂಜನಾದ್ರಿ ಎಲ್ಲವೂ ಇವೆ. ಗಮನಿಸಬೇಕಾದುದೇನೆಂದರೆ, ಶಬರಿಯ ಆಶ್ರಮವು ಸುರೇಬಾನದಲ್ಲಿಯೂ ಇದೆ, ಪಂಪಾಸರೋವರದ ಬಳಿಯೂ ಇದೆ. ಒಬ್ಬ ಶಬರಿಗೆ ಎರಡು ಊರು! ಭಕ್ತಿಗೆ ಇದರಿಂದ ಬಾಧೆಯಿಲ್ಲ. ಭೂಗೋಲಕ್ಕೆ ಮಾತ್ರ ಪ್ರಶ್ನೆಯು ಇಲ್ಲಿಂದಲೇ ಆರಂಭವಾಗುತ್ತದೆ.

ಸಂಶಯದ ಬೀಜ

ರಾಮೇಶ್ವರದ ಆಚೆಗಿನ ದ್ವೀಪವೇ ಲಂಕೆಯೆಂಬುದು ಬಹುಕಾಲದ ನಂಬಿಕೆ. ಪುರಾಣಗಳ ಭೂಗೋಲವನ್ನು ಆಳವಾಗಿ ಅಭ್ಯಾಸ ಮಾಡಿದ ಪಾರ್ಗಿಟರರೂ 1894ರಲ್ಲಿ ರಾಮನ ವನವಾಸದ ಮಾರ್ಗವನ್ನು ಕುರಿತು ಬರೆಯುತ್ತ ಕಿಷ್ಕಿಂಧೆಯನ್ನು ಬಳ್ಳಾರಿಯ ಸೀಮೆಯಲ್ಲಿಯೂ ಲಂಕೆಯನ್ನು ಸಿಂಹಳದಲ್ಲಿಯೂ ಗುರುತಿಸಿದರು. ಹಾಗಾದರೆ ಸಂಶಯವೇಕೆ ಹುಟ್ಟಿತು?

ಮೊದಲನೆಯದು ದೂರದ ಲೆಕ್ಕ. ವಾಲ್ಮೀಕಿಯ ಪ್ರಕಾರ ಸಮುದ್ರದ ಅಗಲ ನೂರು ಯೋಜನ. ನಳನು ಸೇತುವೆಯನ್ನು ಐದು ದಿನಗಳಲ್ಲಿ ಕ್ರಮವಾಗಿ 14, 20, 21, 22, 23 ಯೋಜನಗಳಂತೆ ಕಟ್ಟಿದನು. ಕೂಡಿಸಿ ನೋಡಿದರೆ ಸರಿಯಾಗಿ ನೂರು. ಒಂದು ಯೋಜನಕ್ಕೆ ಸುಮಾರು 8 ಮೈಲಿ, ಅಂದರೆ 13 ಕಿಲೋಮೀಟರು ಎಂದು ಹಿಡಿದರೆ ಸೇತುವೆಯ ಉದ್ದ 1,300 ಕಿಲೋಮೀಟರು. ಮಿರಜದಿಂದ ಕನ್ಯಾಕುಮಾರಿಗೆ ಗೆರೆ ಎಳೆದರೂ ಅಷ್ಟಾಗದು. ರಾಮೇಶ್ವರಕ್ಕೂ ಸಿಂಹಳಕ್ಕೂ ನಡುವಿರುವ ಮರಳುದಿಬ್ಬಗಳ ಸಾಲಾದರೋ ಐವತ್ತು ಕಿಲೋಮೀಟರನ್ನು ಮೀರದು.

ಎರಡನೆಯದು ಹೆಸರಿನ ವಿಚಾರ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಗಿರನಾರ ಶಾಸನದಲ್ಲಿ ಆ ದ್ವೀಪದ ಹೆಸರು ತಂಬಪಂಣಿ, ಅಂದರೆ ತಾಮ್ರಪರ್ಣಿ. ಗ್ರೀಕರು ಇದನ್ನೇ ತಪ್ರೊಬಾನೆ ಎಂದರು. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ದಕ್ಷಿಣದ ದೇಶಗಳನ್ನು ಹೇಳುವಾಗ ಲಂಕೆಯನ್ನು ಒಂದೆಡೆಯೂ ಸಿಂಹಳವನ್ನು ಇನ್ನೊಂದೆಡೆಯೂ ಎಣಿಸಿದ್ದಾನೆ. ಎರಡೂ ಒಂದೇ ಆಗಿದ್ದರೆ ಎರಡು ಸಲ ಏಕೆ ಹೇಳಿದನು? ಜರ್ಮನ್ ಪಂಡಿತ ಹೆರ್ಮಾನ್ ಯಾಕೋಬಿಯವರು 1893ರಲ್ಲಿ ರಾಮಾಯಣವನ್ನು ಕುರಿತು ಬರೆದ ಗ್ರಂಥದಲ್ಲಿ ಲಂಕೆಯೂ ಸಿಂಹಳವೂ ಮೂಲತಃ ಒಂದೇ ಅಲ್ಲವೆಂಬ ಅಭಿಪ್ರಾಯವನ್ನು ಎತ್ತಿದ ಮೇಲೆ ಈ ಚರ್ಚೆಗೆ ಬಿರುಸು ಬಂದಿತು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಿಂಹಳದ ಪಾಲಿ ಇತಿಹಾಸ ಗ್ರಂಥಗಳಾದ 'ದೀಪವಂಸ' 'ಮಹಾವಂಸ'ಗಳು ತಮ್ಮ ದ್ವೀಪವನ್ನು ತಂಬಪಂಣಿಯೆಂದೂ ಲಂಕೆಯೆಂದೂ ಎರಡೂ ಹೆಸರಿನಿಂದ ಕರೆಯುತ್ತವೆ. ಅಂದರೆ ಸುಮಾರು 1,500 ವರ್ಷಗಳಿಂದ ಆ ಹೆಸರು ಅಲ್ಲಿ ನೆಲೆಸಿದೆ. 1972ರಲ್ಲಿ ಆ ದೇಶವು ತನ್ನ ಅಧಿಕೃತ ಹೆಸರನ್ನು ಶ್ರೀಲಂಕಾ ಎಂದು ಮಾಡಿಕೊಂಡದ್ದು ಹಳೆಯ ಹೆಸರಿನ ಪುನರುಜ್ಜೀವನವೇ ಹೊರತು ಹೊಸ ನಾಮಕರಣವಲ್ಲ.

ಜ್ಯೋತಿಷಿಗಳ ಲಂಕೆ

ನಮ್ಮ ಪ್ರಾಚೀನ ಜ್ಯೋತಿಷಿಗಳಿಗೂ ಒಂದು ಲಂಕೆಯಿದ್ದಿತು. 'ಸೂರ್ಯಸಿದ್ಧಾಂತ'ದಲ್ಲಿಯೂ ಭಾಸ್ಕರಾಚಾರ್ಯರ ಗ್ರಂಥಗಳಲ್ಲಿಯೂ ಲಂಕೆಯು ಭೂಮಧ್ಯರೇಖೆಯ ಮೇಲಿರುವ ಒಂದು ಬಿಂದು. ಲಂಕೆಯಿಂದ ಉಜ್ಜಯಿನಿ ಕುರುಕ್ಷೇತ್ರಗಳ ಮೂಲಕ ಮೇರುವಿನವರೆಗೆ ಹೋಗುವ ರೇಖೆಯೇ ಅವರ ಮೂಲ ಮಧ್ಯಾಹ್ನರೇಖೆ. ಇಂದು ಗ್ರೀನಿಚ್ ಇದ್ದಂತೆ. ಲಂಕೆಯ ಪೂರ್ವಕ್ಕೆ 90 ಅಂಶಗಳ ದೂರದಲ್ಲಿ ಯಮಕೋಟಿ, ಪಶ್ಚಿಮಕ್ಕೆ ಅಷ್ಟೇ ದೂರದಲ್ಲಿ ರೋಮಕ, ಭೂಮಿಯ ಆಚೆಯ ಮಗ್ಗುಲಲ್ಲಿ ಸಿದ್ಧಪುರ ಎಂದು ನಾಲ್ಕು ನಗರಗಳನ್ನು ಕಲ್ಪಿಸಿ, ಲಂಕೆಯಲ್ಲಿ ಸೂರ್ಯೋದಯವಾದಾಗ ಉಳಿದೆಡೆ ಎಷ್ಟು ಹೊತ್ತೆಂದು ಗಣಿಸುತ್ತಿದ್ದರು. ಪಂಚಾಂಗದವರು ಬಳಸುವ 'ಲಂಕೋದಯ' ಎಂಬ ಶಬ್ದವು ಇದರಿಂದ ಬಂದುದು.

ಈ ರೇಖೆಯು ನಮ್ಮಿಂದ ಬಹಳ ದೂರದಲ್ಲಿಲ್ಲ. ಉಜ್ಜಯಿನಿಯು ಪೂರ್ವ ರೇಖಾಂಶ 75 ಅಂಶ 46 ಕಲೆಗಳ ಮೇಲಿದೆ. ವಿಜಯಪುರವು ಹೆಚ್ಚುಕಡಿಮೆ ಅದೇ ರೇಖೆಯ ಮೇಲಿದೆ. ಅಂದರೆ ಜ್ಯೋತಿಷಿಗಳ ಲಂಕಾರೇಖೆಯು ಮಿರಜದಿಂದ ಸುಮಾರು 120 ಕಿಲೋಮೀಟರು ಪೂರ್ವಕ್ಕೆ ಹಾದುಹೋಗುತ್ತದೆ. ಅದನ್ನು ಹಿಡಿದು ದಕ್ಷಿಣಕ್ಕೆ ಹೋಗಿ ಭೂಮಧ್ಯರೇಖೆಯನ್ನು ಮುಟ್ಟಿದರೆ ಸಿಗುವುದು ಮಾಲದೀವ್ ದ್ವೀಪಗಳ ಪೂರ್ವದ ತೆರೆದ ಕಡಲು. ಇದರಿಂದ ಕೆಲವರು, ಲಂಕೆಯು ಅಲ್ಲಿ ಇದ್ದು ಮುಳುಗಿಹೋಯಿತೆಂದು ತರ್ಕಿಸಿದರು. ಆದರೆ ಯಮಕೋಟಿ ಸಿದ್ಧಪುರಗಳನ್ನು ಯಾರೂ ಅಗೆದು ತೆಗೆಯಹೋಗಲಿಲ್ಲ. ಅವು ಗಣಿತದ ಅನುಕೂಲಕ್ಕಾಗಿ ಇಟ್ಟುಕೊಂಡ ಬಿಂದುಗಳೆಂಬುದು ಸ್ಪಷ್ಟವಿದೆ. ಹಾಗಿರುವಾಗ ನಾಲ್ಕರಲ್ಲಿ ಒಂದನ್ನು ಮಾತ್ರ ನಿಜವಾದ ನಗರವೆಂದು ತಿಳಿಯುವುದು ಹೇಗೆ? ಲೆಕ್ಕದ ಲಂಕೆಯನ್ನು ಲೆಕ್ಕದಲ್ಲಿಯೇ ಬಿಡುವುದು ಯೋಗ್ಯ.

ಮಧ್ಯಭಾರತದ ಮತ

ಇನ್ನು ಆ ಹುಡುಗನು ಕೇಳಿದ ಮತಕ್ಕೆ ಬರೋಣ. ಇಂದೂರಿನ ಸರದಾರ ಮಾಧವರಾವ ಕಿಬೆಯವರು 1920ರ ಸುಮಾರಿಗೆ ಲಂಕೆಯು ಅಮರಕಂಟಕದ ಬಳಿ ಇದ್ದಿತೆಂದು ಪ್ರತಿಪಾದಿಸಿ, ಜೀವನದುದ್ದಕ್ಕೂ ಅದನ್ನು ಸಾಧಿಸಲು ಹೆಣಗಿದರು. ಮಧ್ಯಪ್ರಾಂತದ ಜನಜಾತಿಗಳನ್ನು ಚೆನ್ನಾಗಿ ಬಲ್ಲ ರಾಯಬಹಾದ್ದೂರ ಹೀರಾಲಾಲರೂ ಇದೇ ಮತದವರು. ಅಲ್ಲಿಯ ಗೊಂಡರು ತಮ್ಮನ್ನು ರಾವಣವಂಶದವರೆಂದು ಹೇಳಿಕೊಳ್ಳುವುದು ಈ ಪಕ್ಷದ ಒಂದು ಆಧಾರವಾಯಿತು.

ಮೂರನೆಯವರು ನಮ್ಮವರು. ಮೈಸೂರು ಸಂಸ್ಥಾನದ ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಟಿ. ಪರಮಶಿವ ಅಯ್ಯರ್ ಅವರು 1940ರಲ್ಲಿ ಬೆಂಗಳೂರಿನಿಂದ 'ರಾಮಾಯಣ ಮತ್ತು ಲಂಕೆ' ಎಂಬರ್ಥದ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಕನ್ನಡ ನಾಟಕದ ದಿಕ್ಕನ್ನು ಬದಲಿಸಿದ ಟಿ. ಪಿ. ಕೈಲಾಸಂ ಅವರ ತಂದೆ ಇವರೇ. ಇವರಿಗೆ ಭೂಗರ್ಭಶಾಸ್ತ್ರದಲ್ಲಿ ಅಪಾರ ಆಸಕ್ತಿ. 1911ರಲ್ಲಿಯೇ ಋಗ್ವೇದದ ಋಕ್ಕುಗಳನ್ನು ಆ ಶಾಸ್ತ್ರದ ದೃಷ್ಟಿಯಿಂದ ಅರ್ಥೈಸಿ ಒಂದು ಪುಸ್ತಕ ಬರೆದಿದ್ದರು. ನ್ಯಾಯಾಸನದ ಮೇಲೆ ಕುಳಿತು ಸಾಕ್ಷ್ಯವನ್ನು ತೂಗಿದ ಅದೇ ಶಿಸ್ತಿನಿಂದ ವಾಲ್ಮೀಕಿಯ ವರ್ಣನೆಗಳನ್ನು ತೂಗಿ, ಲಂಕೆಯು ಜಬಲ್ಪುರದ ಸಮೀಪದ ಇಂದ್ರಾಣಾ ಗುಡ್ಡವೆಂದು ತೀರ್ಪು ಕೊಟ್ಟರು.

ನಾಲ್ಕನೆಯವರು ಡಾ. ಹಸಮುಖ ಸಾಂಕಳಿಯಾ. ಪುಣೆಯ ಡೆಕ್ಕನ್ ಕಾಲೇಜಿನ ಈ ಮಹಾ ಉತ್ಖನನಕಾರರ ಹೆಸರು ನಮ್ಮ ಸೀಮೆಗೆ ಅಪರಿಚಿತವಲ್ಲ. 1945-46ರಲ್ಲಿ ನೆರೆಯ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬವನ್ನು ಅಗೆಯಿಸಿದವರು ಅವರೂ ಡಾ. ದೀಕ್ಷಿತರೂ. ಸಾಂಕಳಿಯಾ ಅವರು 1973ರಲ್ಲಿ ರಾಮಾಯಣವು ಕಲ್ಪನೆಯೋ ವಾಸ್ತವವೋ ಎಂಬ ಪ್ರಶ್ನೆಯನ್ನು ಶೀರ್ಷಿಕೆಯಾಗಿಟ್ಟು ಗ್ರಂಥ ಬರೆದು, ಲಂಕೆಯು ಛೋಟಾ ನಾಗಪುರ ಮತ್ತು ಮಧ್ಯಪ್ರದೇಶಗಳ ಸೀಮೆಯಲ್ಲಿ ಇದ್ದಿರಬೇಕೆಂದರು.

ಇವರ ವಾದಗಳ ಸಾರಾಂಶವನ್ನು ಹೀಗೆ ಹೇಳಬಹುದು.

ಒಂದು: ಸೀತೆಯನ್ನು ಹುಡುಕಲು ದಕ್ಷಿಣಕ್ಕೆ ಹೊರಟ ಅಂಗದ-ಹನುಮಂತರ ತಂಡವು ವಿಂಧ್ಯದ ಗುಹೆಗಳಲ್ಲಿ ಅಲೆದು, ಸ್ವಯಂಪ್ರಭೆಯ ಬಿಲದಿಂದ ಹೊರಬಿದ್ದಾಗ ಎದುರಿಗೆ ಕಾಣುವುದು ವಿಂಧ್ಯ ಮತ್ತು ಸಾಗರ. ಸಂಪಾತಿಯು ಇದ್ದುದೂ ವಿಂಧ್ಯದ ಮೇಲೆಯೇ. ಕಿಷ್ಕಿಂಧೆಯು ಹಂಪೆಯಾಗಿದ್ದರೆ ದಕ್ಷಿಣಕ್ಕೆ ಹೊರಟವರಿಗೆ ಉತ್ತರದ ವಿಂಧ್ಯವು ಸಿಕ್ಕಿದ್ದು ಹೇಗೆ?

ಎರಡು: ರಾಮನು ಒಂದೇ ಬಾಣದಿಂದ ಭೇದಿಸಿದ್ದು ಏಳು ಸಾಲವೃಕ್ಷಗಳನ್ನು. ಸಾಲವು ಮಧ್ಯಭಾರತದ ಕಾಡುಗಳ ಮರ. ಗೋದಾವರಿಯನ್ನು ದಾಟಿ ದಕ್ಷಿಣಕ್ಕೆ ಸಹಜವಾಗಿ ಬೆಳೆಯುವುದಿಲ್ಲ. ಸಾಂಕಳಿಯಾ ಅವರು ಇದಕ್ಕೆ ಬಹಳ ತೂಕ ಕೊಟ್ಟರು.

ಮೂರು: 'ಲಂಕೆ' ಎಂಬುದು ಒಂದೇ ಊರಿನ ಹೆಸರಲ್ಲ. ತೆಲುಗಿನಲ್ಲಿ ಇಂದಿಗೂ ನದಿಯ ನಡುಗಡ್ಡೆಗೆ ಲಂಕೆಯೆನ್ನುತ್ತಾರೆ. ಗೋದಾವರಿಯ ಮುಖದಲ್ಲಿ ಲಂಕೆಗಳು ಹಲವಿವೆ.

ನಾಲ್ಕು: 'ಸಾಗರ'ವೆಂದರೆ ಕಡಲೇ ಆಗಬೇಕಿಲ್ಲ, ದೊಡ್ಡ ಕೆರೆಯೂ ಆದೀತು. ಈ ಮಾತನ್ನು ಕನ್ನಡಿಗರಾದ ನಾವು ತಟ್ಟನೆ ತಳ್ಳಿಹಾಕಲಾರೆವು. ಹೊಯ್ಸಳರ ರಾಜಧಾನಿಯಾದ ದೋರಸಮುದ್ರಕ್ಕೆ ಹೆಸರು ಬಂದದ್ದು ಕೆರೆಯಿಂದ. ನಮ್ಮ ನಾಡಿನಲ್ಲಿ 'ಸಮುದ್ರ'ವೆಂದು ಕೊನೆಗೊಳ್ಳುವ ಊರುಗಳಲ್ಲಿ ಹಲವು ಕೆರೆಯ ಊರುಗಳೇ.

ತೂಗಿ ನೋಡೋಣ

ವಾದಗಳು ಜಾಣ್ಮೆಯವು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಜಾಣ್ಮೆಯೇ ಪ್ರಮಾಣವಲ್ಲ. ಒಂದೊಂದಾಗಿ ಪರೀಕ್ಷಿಸಬೇಕು.

ವಿಂಧ್ಯದ ವಾದವು ಇವುಗಳಲ್ಲಿ ಬಲವಾದುದು. ಆದರೂ ಬೆಟ್ಟಗಳ ಹೆಸರುಗಳು ಜನರೊಡನೆ ಪ್ರಯಾಣ ಮಾಡುತ್ತವೆ. ಹನುಮಂತನು ಹಾರಿದ ಮಹೇಂದ್ರವು ಕಳಿಂಗದ ಕಡೆಯಲ್ಲಿಯೂ ಒಂದಿದೆ, ತಮಿಳುನಾಡಿನ ತಿರುನೆಲ್ವೇಲಿಯ ಕಡೆಯಲ್ಲಿಯೂ ಒಂದಿದೆ. ಹೆಸರೊಂದನ್ನೇ ಹಿಡಿದು ಸ್ಥಳವನ್ನು ನಿರ್ಣಯಿಸುವವನು ಯಾವ ಮಹೇಂದ್ರವನ್ನು ಆರಿಸುತ್ತಾನೋ ಆ ಉತ್ತರವೇ ಅವನಿಗೆ ದೊರೆಯುತ್ತದೆ.

ಸಾಲವೃಕ್ಷದ ವಾದದಲ್ಲಿಯೂ ಒಂದು ತೊಡಕಿದೆ. ಸಂಸ್ಕೃತದಲ್ಲಿ ಸಾಲವೆಂದರೆ ಆ ನಿರ್ದಿಷ್ಟ ಮರವೂ ಹೌದು, ಸಾಮಾನ್ಯವಾಗಿ ಮರವೆಂಬ ಅರ್ಥವೂ ಉಂಟು. ನಮ್ಮ ನಾಡಿನ ಕಥೆಗಳಲ್ಲಿ ಆ ಏಳು ಮರಗಳು 'ಸಪ್ತತಾಳ', ಅಂದರೆ ತಾಳೆಯ ಮರಗಳು, ಆಗಿವೆ. ಹೇಳುವವನು ತನ್ನ ಸೀಮೆಯ ಮರವನ್ನೇ ಕಥೆಯಲ್ಲಿ ನೆಡುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹಾಗಾದರೆ ಸಾಲವೃಕ್ಷವು ಸಾಕ್ಷಿ ಹೇಳುವುದು ಕಿಷ್ಕಿಂಧೆಯ ಸ್ಥಳಕ್ಕಲ್ಲ, ಕವಿಯು ಕಂಡ ಕಾಡಿಗೆ.

ಸಾಗರವೆಂದರೆ ಕೆರೆಯೆಂಬ ವಾದವು ಶಬ್ದಕ್ಕೆ ಒಪ್ಪಿದರೂ ಕಾವ್ಯಕ್ಕೆ ಒಪ್ಪುವುದಿಲ್ಲ. ವಾಲ್ಮೀಕಿಯ ಸಮುದ್ರವು ಲವಣಾರ್ಣವ, ಉಪ್ಪುನೀರಿನದು, ತಿಮಿ-ಮಕರಗಳುಳ್ಳದ್ದು. ಅದನ್ನು ಅಮರಕಂಟಕದ ತಪ್ಪಲಿನ ನೀರಿಗಿಳಿಸಬೇಕಾದರೆ, ಸಮುದ್ರದ ವರ್ಣನೆಯೆಲ್ಲ ಉತ್ಪ್ರೇಕ್ಷೆಯೆಂದು ತೆಗೆದುಹಾಕಬೇಕು. ಆದರೆ ಅದೇ ಕವಿಯು ಹೇಳಿದ ವಿಂಧ್ಯವನ್ನೂ ಸಾಲವನ್ನೂ ಮಾತ್ರ ಅಕ್ಷರಶಃ ಸತ್ಯವೆಂದು ಇಟ್ಟುಕೊಳ್ಳಬೇಕು. ಒಬ್ಬನೇ ಸಾಕ್ಷಿಯ ಮಾತಿನಲ್ಲಿ ನಮಗೆ ಬೇಕಾದ್ದನ್ನು ನಂಬಿ ಬೇಡವಾದ್ದನ್ನು ಬಿಡುವುದು ನ್ಯಾಯವಲ್ಲ. ಸಿಂಹಳದ ಪಕ್ಷದವರಿಗೂ ಈ ಮಾತು ಅನ್ವಯಿಸುತ್ತದೆ. ಅವರು ನೂರು ಯೋಜನಗಳನ್ನು ಮರೆಯಬೇಕಾಗುತ್ತದೆ.

ರಾಮಾಯಣವು ಒಂದೇ ದಿನದಲ್ಲಿ ರಚಿತವಾದುದಲ್ಲ. ಬಡೋದೆಯ ಪ್ರಾಚ್ಯ ಸಂಸ್ಥೆಯು ಹಲವಾರು ಹಸ್ತಪ್ರತಿಗಳನ್ನು ಹೋಲಿಸಿ 1960ರಿಂದ 1975ರವರೆಗೆ ಏಳು ಕಾಂಡಗಳ ಪರಿಷ್ಕೃತ ಪಾಠವನ್ನು ಪ್ರಕಟಿಸಿತು. ಬಾಲಕಾಂಡ ಉತ್ತರಕಾಂಡಗಳ ಬಹುಭಾಗವು ಅನಂತರ ಸೇರಿದುದೆಂದೂ, ಕಾವ್ಯವು ಕೆಲವು ಶತಮಾನಗಳ ಕಾಲ ಬೆಳೆಯಿತೆಂದೂ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಥ ಕಾವ್ಯದ ಭೂಗೋಲವು ಒಬ್ಬ ಮೋಜಣಿದಾರನು ಒಂದೇ ಸಲಕ್ಕೆ ಎಳೆದ ನಕ್ಷೆಯಂತಿರಲು ಸಾಧ್ಯವಿಲ್ಲ. ಉತ್ತರದ ಕವಿಗಳಿಗೆ ದಕ್ಷಿಣವು ತಿಳಿಯುತ್ತ ಹೋದಂತೆ ಲಂಕೆಯೂ ದೂರ ದೂರಕ್ಕೆ ಸರಿದಿರಬಹುದು.

ಜೈನ ಪರಂಪರೆಯ ರಾಮಕಥೆಯನ್ನೂ ಇಲ್ಲಿ ನೆನೆಯಬೇಕು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಅದು ಪರಿಚಿತ. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದಲ್ಲಿ ರಾವಣನು ಹತ್ತು ತಲೆಯ ರಾಕ್ಷಸನಲ್ಲ, ವಿದ್ಯಾಧರ ಚಕ್ರವರ್ತಿ. ವಾನರರು ಕೋತಿಗಳಲ್ಲ, ವಾನರ ಲಾಂಛನದ ಧ್ವಜವುಳ್ಳ ವಿದ್ಯಾಧರ ಕುಲದವರು. ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ಕವಿಯು ಕಥೆಯನ್ನು ಬೇರೊಂದು ರೀತಿಯಲ್ಲಿ ಕಂಡನು. ಯಾರೂ ಅವನ ನಾಲಗೆಯನ್ನು ಕಟ್ಟಲಿಲ್ಲ. ವಿಚಾರಭೇದವನ್ನು ಸಹಿಸುವ ಈ ಗುಣವು ನಮ್ಮ ಹಿರಿಯರಿಂದ ಬಂದ ಆಸ್ತಿ.

ಹಂಪೆಯ ಬೂದಿದಿಬ್ಬ

ಇಲ್ಲಿ ನನ್ನದೇ ಒಂದು ದೌರ್ಬಲ್ಯವನ್ನು ಹೇಳಿಕೊಳ್ಳಬೇಕು. ಲಂಕೆಯು ಜಬಲ್ಪುರಕ್ಕೆ ಹೋದರೆ ಕಿಷ್ಕಿಂಧೆಯೂ ಅದರ ಹಿಂದೆ ಹೋಗುತ್ತದೆ. ಹಂಪೆ ನಮ್ಮ ಕೈಬಿಡುತ್ತದೆ. ಪರಮಶಿವ ಅಯ್ಯರ್ ಅವರ ಮತವನ್ನು ಮೊದಲ ಸಲ ತಿಳಿದಾಗ ನನಗೆ ಸಿಟ್ಟೇ ಬಂದಿತು. ಆಮೇಲೆ ಯೋಚಿಸಿದೆನು: ಈ ಸಿಟ್ಟಿಗೆ ಕಾರಣ ವಾದದ ದೋಷವೋ, ನನ್ನ ಅಭಿಮಾನವೋ? ಅಭಿಮಾನವೆಂದು ಒಪ್ಪದೆ ಗತ್ಯಂತರವಿರಲಿಲ್ಲ. ಕನ್ನಡ ನಾಡಿನ ಹಿರಿಯರೊಬ್ಬರೇ ತಮ್ಮ ನಾಡಿಗೆ ಹೆಮ್ಮೆ ತರುವ ನಂಬಿಕೆಯನ್ನು ಬಿಟ್ಟು, ತಮಗೆ ಸತ್ಯವೆಂದು ಕಂಡದ್ದನ್ನು ಬರೆದರಲ್ಲ! ಅವರ ನಿರ್ಣಯವನ್ನು ಒಪ್ಪದವನೂ ಅವರ ಪ್ರಾಮಾಣಿಕತೆಗೆ ತಲೆಬಾಗಬೇಕು.

ಮಕ್ಕಳೊಡನೆ ಹಂಪೆಗೆ ಹೋದಾಗ ಮಾರ್ಗದರ್ಶಿಯು ನಿಂಬಾಪುರದ ಬಳಿಯ ಒಂದು ದಿಬ್ಬದ ಸುದ್ದಿಯನ್ನು ಹೇಳಿದನು. ರಾಮನು ಕೊಂದ ವಾಲಿಯನ್ನು ದಹಿಸಿದ ಬೂದಿ ಅದೆಂದು ಜನ ನಂಬುತ್ತಾರೆ. ಬಳ್ಳಾರಿ, ರಾಯಚೂರು ಮತ್ತು ಸುರಪುರದ ಸೀಮೆಗಳಲ್ಲಿ ಇಂಥ ಬೂದಿದಿಬ್ಬಗಳು ಹಲವಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿಯು ಇವುಗಳ ಬಗ್ಗೆ ಬರೆದನು. ಬಳಿಕ ರಾಬರ್ಟ್ ಬ್ರೂಸ್ ಫೂಟರು ಪರೀಕ್ಷಿಸಿದರು. 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ಒಂದು ದಿಬ್ಬವನ್ನು ಅಗೆದಾಗ ದನದ ದೊಡ್ಡಿಯ ಬೇಲಿಯ ಗುರುತುಗಳೂ ದನಗಳ ಗೊರಸಿನ ಹೆಜ್ಜೆಗಳೂ ಕಾಣಸಿಕ್ಕವು. ಮುಂದೆ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದು ಹೆಚ್ಚಿನ ವಿವರಗಳನ್ನು ತಂದರು. ಅದು ಹೆಣ ಸುಟ್ಟ ಬೂದಿಯಲ್ಲ. ನವಶಿಲಾಯುಗದ ಗೋಪಾಲಕರು ತಲೆತಲಾಂತರದಿಂದ ಗುಡ್ಡೆ ಹಾಕಿ ಸುಟ್ಟ ಸೆಗಣಿಯ ಬೂದಿ. ಇವುಗಳ ಕಾಲವು ಕ್ರಿಸ್ತಪೂರ್ವ 3000ದಿಂದ ಸುಮಾರು 1200ರವರೆಗೆ ಹಬ್ಬಿದೆ.

ಇದನ್ನು ಕೇಳಿ ಅಯ್ಯೋ ಸೆಗಣಿಯೇ ಎಂದು ನಿರಾಶರಾಗಬೇಕಿಲ್ಲ. ನಾವು ಹುಡುಕುವ 'ಮರೆತುಹೋದ ಸಂಸ್ಕೃತಿ' ಇಲ್ಲಿ ನಿಜವಾಗಿ ಸಿಕ್ಕಿದೆ. ಅವರಿಗೆ ಬಂಗಾರದ ಕೋಟೆಯಿರಲಿಲ್ಲ. ನಯಗೊಳಿಸಿದ ಕಲ್ಲಿನ ಕೊಡಲಿಯಿದ್ದಿತು, ದನದ ಮಂದೆಯಿದ್ದಿತು, ಮಣ್ಣಿನ ಗಡಿಗೆಯಿದ್ದಿತು. ಜೋಳ ರಾಗಿಗಳು ಈ ನಾಡಿಗೆ ಬರುವ ಮುಂಚೆಯೇ ಹುರುಳಿಯನ್ನೂ ಹೆಸರನ್ನೂ ಬೆಳೆದು ಉಂಡವರು ಅವರು. ಅವರ ಹೆಸರು ಯಾವ ಕಾವ್ಯದಲ್ಲಿಯೂ ಇಲ್ಲ. ಆದರೂ ಆ ದಿಬ್ಬವು ಸಾಮಾನ್ಯವಾದುದಲ್ಲವೆಂಬ ಅರಿವನ್ನು ಜನರು ಕಾಯ್ದುಕೊಂಡು ಬಂದು, ತಾವು ಬಲ್ಲ ದೊಡ್ಡ ಹೆಸರಾದ ವಾಲಿಯ ಹೆಸರನ್ನು ಅದಕ್ಕಿಟ್ಟರು. ಐತಿಹ್ಯವು ಹೀಗೆ ಸ್ಥಳವನ್ನು ನೆನಪಿಡುತ್ತದೆ, ಸಂಗತಿಯನ್ನು ಬದಲಿಸುತ್ತದೆ.

ಅನ್ಯದೇಶಗಳ ನಿದರ್ಶನ

ಇಂಥ ಶೋಧವು ನಮ್ಮಲ್ಲಿ ಮಾತ್ರ ನಡೆದುದಲ್ಲ. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ತನ್ನ ಎರಡು ಸಂವಾದಗಳಲ್ಲಿ ಅಟ್ಲಾಂಟಿಸ್ ಎಂಬ ಮುಳುಗಿದ ದ್ವೀಪರಾಜ್ಯದ ಕಥೆ ಹೇಳಿದನು. ಸ್ವೀಡನ್ನಿನ ಉಪ್ಸಾಲಾದ ಪ್ರಾಧ್ಯಾಪಕ ಓಲೋಫ್ ರುಡ್‌ಬೆಕ್ 1679ರಿಂದ ದೊಡ್ಡ ಸಂಪುಟಗಳನ್ನೇ ಬರೆದು, ಅಟ್ಲಾಂಟಿಸ್ ಎಂದರೆ ತನ್ನ ಸ್ವೀಡನ್ನೇ, ಅದರ ರಾಜಧಾನಿ ತನ್ನ ಊರಾದ ಉಪ್ಸಾಲಾವೇ ಎಂದು ಸಾಧಿಸಿದನು! ಅವನು ಮೂರ್ಖನಲ್ಲ, ಮನುಷ್ಯನ ದೇಹದ ದುಗ್ಧರಸನಾಳಗಳ ಸಂಶೋಧನೆಯಲ್ಲಿ ಅವನ ಹೆಸರು ಇಂದಿಗೂ ಇದೆ. ವಿದ್ಯೆ ಇದ್ದವನನ್ನೂ ಊರಿನ ಅಭಿಮಾನವು ಎಷ್ಟು ದೂರ ಕರೆದೊಯ್ಯುತ್ತದೆಂಬುದಕ್ಕೆ ಇದು ಪಾಠ.

ಇದಕ್ಕೆ ಪ್ರತಿಯಾಗಿ ಟ್ರಾಯ್ ನಗರದ ಉದಾಹರಣೆಯನ್ನು ಕೊಡುತ್ತಾರೆ. ಹೋಮರನ ಕಾವ್ಯವನ್ನು ನಂಬಿ ಹೈನ್ರಿಖ್ ಶ್ಲೀಮಾನ್ 1870ರ ದಶಕದಲ್ಲಿ ತುರ್ಕಸ್ಥಾನದ ಹಿಸ್ಸಾರ್ಲಿಕ್ ದಿಬ್ಬವನ್ನು ಅಗೆದನು, ನಗರವು ಸಿಕ್ಕಿತು. ಆದರೆ ಅವನು ಪ್ರಿಯಾಮ್ ರಾಜನದೆಂದು ಸಾರಿದ ಬಂಗಾರದ ನಿಧಿಯು ಟ್ರಾಯ್ ಯುದ್ಧ ನಡೆಯಿತೆನ್ನುವ ಕಾಲಕ್ಕಿಂತ ಸುಮಾರು ಸಾವಿರ ವರ್ಷಗಳಷ್ಟು ಹಿಂದಿನ ಸ್ತರದ್ದೆಂದು ಅನಂತರ ತಿಳಿಯಿತು. ಊರು ಸಿಕ್ಕಿದ ಮಾತ್ರಕ್ಕೆ ಕಥೆಯ ಪ್ರತಿಯೊಂದು ಮಾತೂ ಸಿದ್ಧವಾಗುವುದಿಲ್ಲ. ಅಮರಕಂಟಕದಲ್ಲಾಗಲಿ ಇಂದ್ರಾಣಾದಲ್ಲಾಗಲಿ ಸಿಂಹಳದಲ್ಲಾಗಲಿ 'ಇದು ರಾವಣನದು' ಎಂದು ಹೇಳಬಲ್ಲ ಒಂದು ಇಟ್ಟಿಗೆಯೂ ಇದುವರೆಗೆ ದೊರೆತಿಲ್ಲ.

ಹುಡುಗನಿಗೆ ಕೊಟ್ಟ ಉತ್ತರ

ಎರಡು ವಾರಗಳ ಬಳಿಕ ಅದೇ ವರ್ಗಕ್ಕೆ ಹೋಗಿ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದೆನು. ಬೈಗುಳ ತಿನ್ನಬೇಕಾದೀತೆಂದು ಅವನು ಹೆದರಿದ್ದನು. ಅವನ ಪ್ರಶ್ನೆಯು ಯೋಗ್ಯವಾದುದೆಂದೂ, ಅಂದು ಉತ್ತರ ಕೊಡದಿದ್ದುದು ನನ್ನ ತಪ್ಪೆಂದೂ ಎಲ್ಲರೆದುರು ಹೇಳಿದೆನು. ಆಮೇಲೆ ಫಳಕದ ಮೇಲೆ ನಾಲ್ಕು ಪ್ರಶ್ನೆಗಳನ್ನು ಬರೆದೆನು. ಇದನ್ನು ಹೇಳಿದವರು ಯಾರು, ಯಾವಾಗ? ಅವರು ಎಲ್ಲ ಆಧಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೇ, ಅನುಕೂಲವಾದುದನ್ನು ಮಾತ್ರವೇ? ಅವರ ಮಾತು ನಿಜವಾಗಿದ್ದರೆ ನೆಲದಲ್ಲಿ ಏನು ಸಿಗಬೇಕು, ಅದು ಸಿಕ್ಕಿದೆಯೇ? ಇದು ನಿಜವಾಗಲೆಂದು ನಾನೇಕೆ ಬಯಸುತ್ತೇನೆ? ಕೊನೆಯ ಪ್ರಶ್ನೆಯೇ ಕಠಿಣವೆಂದು ಮಕ್ಕಳೂ ಒಪ್ಪಿದರು.

ಬಳಿಕ ನನ್ನ ಉತ್ತರವನ್ನು ಹೇಳಿದೆನು. ಸಿಂಹಳವನ್ನು ಲಂಕೆಯೆಂದು ಜನರು ಬಹುಕಾಲದಿಂದ ತಿಳಿದು ಬಂದಿದ್ದಾರೆ, ಅದು ಪರಂಪರೆ. ಮಧ್ಯಭಾರತದ ಮತವು ಕೆಲವು ಸಮರ್ಥರು ಮಾಡಿದ ಊಹೆ, ಅದರಲ್ಲಿ ಒಂದೆರಡು ಬಲವಾದ ಅಂಶಗಳಿವೆ. ಎರಡಕ್ಕೂ ಉತ್ಖನನದ ಸಾಕ್ಷ್ಯವಿಲ್ಲ. ಆದ್ದರಿಂದ 'ಲಂಕೆ ಅಲ್ಲಿತ್ತು' ಎಂದು ಯಾರೇ ಖಂಡಿತವಾಗಿ ಹೇಳಿದರೂ, ಅದು ನಕ್ಷೆಯಿರಲಿ, ಮೊಬೈಲಿರಲಿ, ಗುರುಗಳೇ ಇರಲಿ, ಆಧಾರವನ್ನು ಕೇಳಬೇಕು. ಆಗ ಇನ್ನೊಬ್ಬ ಬಾಲಕಿಯು, "ಹಾಗಾದರೆ ಬಹೆಗೆ ರಾಮ ಬಂದಿದ್ದು ಸುಳ್ಳೇನ್ರಿ?" ಎಂದು ಕೇಳಿದಳು. ಅವಳ ಅಜ್ಜಿ ಪ್ರತಿವರ್ಷ ಅಲ್ಲಿಗೆ ಹೋಗುವವಳು. ನಾನೆಂದೆನು: "ಮಗೂ, ಅಜ್ಜಿಯು ಅಲ್ಲಿಗೆ ಹೋಗುವುದು ಭೂಗೋಲದ ಪರೀಕ್ಷೆಗಲ್ಲ, ಕೈಮುಗಿಯುವುದಕ್ಕೆ. ಅದಕ್ಕೆ ಯಾವ ಪಂಡಿತನ ಪರವಾನಗಿಯೂ ಬೇಡ. ನೀನೂ ಹೋಗು, ಕೈಮುಗಿ; ಕೃಷ್ಣೆಯು ಅಲ್ಲಿ ಎರಡಾಗಿ ಏಕೆ ಹರಿಯುತ್ತದೆಂದು ಬಂಡೆಯನ್ನೂ ನೋಡಿ ಬಾ."

ಗಡಿಯ ಸೀಮೆಯಲ್ಲಿ ಬಾಳುವ ನಮ್ಮ ಮಕ್ಕಳಿಗೆ ಈ ಅಭ್ಯಾಸವು ಅತ್ಯವಶ್ಯವೆಂದು ನನ್ನ ನಂಬಿಕೆ. ಈ ಊರು ಯಾರದು, ಈ ಗುಡಿ ಯಾರದು, ಯಾರು ಮೊದಲು ಬಂದರು ಎಂಬ ಮಾತುಗಳನ್ನು ಅವರು ಎರಡು ಭಾಷೆಗಳಲ್ಲಿಯೂ ಕೇಳುತ್ತ ಬೆಳೆಯುತ್ತಾರೆ. ಪುರಾತನವಾದುದೆಲ್ಲ ನಮ್ಮದೆಂದು ಕೂಗುವುದು ಸುಲಭ. ಅಗೆದು, ಓದಿ, ತಾಳೆ ನೋಡಿ, ಇಷ್ಟು ಮಾತ್ರ ತಿಳಿದಿದೆಯೆಂದು ಹೇಳುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ನಮ್ಮ ಸುತ್ತಮುತ್ತಲೇ ಬೇಕಾದಷ್ಟು ಅವಕಾಶವಿದೆ. ಮಿರಜದಲ್ಲಿ ಚಾಲುಕ್ಯ ಜಯಸಿಂಹನ 1024ರ ತಾಮ್ರಪಟಗಳು ದೊರೆತಿವೆ. ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ ಶಾತವಾಹನರ ಕಾಲದ ಮನೆಗಳೂ, ಕಡಲಾಚೆಯಿಂದ ಬಂದ ಗ್ರೀಕ್ ಸಮುದ್ರದೇವತೆಯ ಕಂಚಿನ ಪುಟ್ಟ ಮೂರ್ತಿಯೂ ಸಿಕ್ಕಿವೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿದ್ದ ಕನ್ನಡ ಪಂಡಿತ ಕೆ. ಜಿ. ಕುಂದಣಗಾರರು ಈ ಸೀಮೆಯ ಶಾಸನಗಳನ್ನು ಊರೂರು ತಿರುಗಿ ಓದಿ 1939ರಲ್ಲಿ ಪ್ರಕಟಿಸಿದರು. ಗುಡಿಯ ಗೋಡೆಗೆ ಸುಣ್ಣ ಬಳಿಯುವಾಗ ಮುಚ್ಚಿಹೋಗುವ, ಬಟ್ಟೆ ಒಗೆಯುವ ಕಲ್ಲಾಗಿ ಸವೆಯುವ ಶಾಸನಗಳು ಇನ್ನೂ ಎಷ್ಟೋ ಇರಬಹುದು.

ಬರುವ ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿ ಮಿತ್ರರು ತಂತಮ್ಮ ಊರಿನ ಒಂದು ಹಳೆಯ ಕಲ್ಲು, ಒಂದು ಹಳೆಯ ಬಾವಿ, ಒಂದು ಐತಿಹ್ಯ, ಇವನ್ನು ನೋಡಿ ಕೇಳಿ ಬರೆದುಕೊಂಡು ಬರಬೇಕೆಂದು ಹೇಳಿದ್ದೇನೆ. ಕಣ್ಣಾರೆ ಕಂಡದ್ದನ್ನು ಒಂದು ಪುಟದಲ್ಲಿಯೂ ಹಿರಿಯರಿಂದ ಕೇಳಿದ್ದನ್ನು ಇನ್ನೊಂದು ಪುಟದಲ್ಲಿಯೂ ಬರೆಯಬೇಕು. ಪಾಲಕರು ಅವರೊಡನೆ ಸಹಕರಿಸಲಿ. ಅಮರಕಂಟಕದ ಪ್ರಶ್ನೆ ಕೇಳಿದ ಹುಡುಗನು ಆಗಲೇ ತನ್ನ ಓಣಿಯ ಮಾರುತಿ ಗುಡಿಯ ಕಟ್ಟೆಯಲ್ಲಿ ಅಕ್ಷರಗಳಿರುವ ಕಲ್ಲೊಂದಿದೆಯೆಂದು ಬಂದು ಹೇಳಿದ್ದಾನೆ. ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದನ್ನು ನೋಡಲು ಅವನೊಡನೆ ಹೋಗುವವನಿದ್ದೇನೆ.